ಅತ್ತೆ ಇಳಿಸಿದ ವೋಲ್ಟೇಜು

ಮಾರ್ಚ್ ೩, ಸೋಮವಾರ

ಇವತ್ತು ಅದು ಐದು ಸಲ ಸತ್ತಿತು. ಐದನೇ ಸಲಕ್ಕೆ ಮೇಜಿನ ಮೇಲೆ ಗುದ್ದಿದೆ. ಆ ಸದ್ದಿಗೆ ಬೆಚ್ಚಿ, ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಿದ್ದ ನಮ್ಮ ಪ್ಲಾಸ್ಟರಿನವನ ಕೈಯಲ್ಲಿದ್ದ ಬೋಗುಣಿ ನೆಲಕ್ಕೆ ಬಿತ್ತು. ಅದಕ್ಕೂ ಅವನನ್ನೇ ಬೈದೆ. ನನಗಿಂತ ಎರಡು ವರ್ಷ ದೊಡ್ಡವನು, ಬಗ್ಗಿ ನೆಲ ಒರೆಸಿದ.

ಬೈಗುಳ ಕಾಗದದ ಮೇಲೆ ಹೋದರೆ ಜನರ ಪಾಲಿಗೆ ಕಡಿಮೆ ಬರುತ್ತದೆ ಎಂದು ಹೇಳಿ ಹೆಂಡತಿ ಈ ಪುಸ್ತಕ ಕೊಟ್ಟು ಹೋಗಿದ್ದಾಳೆ. ಅವಳಿಗೆ ಬೇರೆ ಊರಿನಲ್ಲಿ ಎರಡು ತಿಂಗಳ ತರಬೇತಿ. ಸರಿ, ಬರೆಯುತ್ತೇನೆ: ದರಿದ್ರ ಲ್ಯಾಪ್‌ಟಾಪು.

ಇಪ್ಪತ್ತಾರು ವರ್ಷದಿಂದ ಈ ಆಸ್ಪತ್ರೆಯ ಕಾರ್ಯಾಗಾರದಲ್ಲಿ ಕೃತಕ ಕಾಲು ಮಾಡುತ್ತಿದ್ದೇನೆ. ಪೂರ್ತಿ ಕೈಯಲ್ಲೇ ಅಚ್ಚು ತೆಗೆಯುತ್ತಿದ್ದ ಕಾಲದಲ್ಲೂ ಇಷ್ಟು ಗೋಳಿರಲಿಲ್ಲ. ಈಗ ಉಳಿದ ಕಾಲನ್ನು ಸ್ಕ್ಯಾನರಿನಿಂದ ಸುತ್ತಲೂ ಹಿಡಿದರೆ ಸಾಕು, ಲ್ಯಾಪ್‌ಟಾಪು ಲೆಕ್ಕ ಹಾಕಿ ಅದರ ರೂಪ ಕೊಡುತ್ತದೆ. ಕೊಡಬೇಕು. ಅರ್ಧ ಲೆಕ್ಕದಲ್ಲಿ ಫ್ಯಾನು ಕಿರುಚತೊಡಗುತ್ತದೆ, ಅಡಿಭಾಗ ಮುಟ್ಟಲಾಗದಷ್ಟು ಕಾಯುತ್ತದೆ, ಆಮೇಲೆ ಕತ್ತಲು. ಬೇರೆ ಲ್ಯಾಪ್‌ಟಾಪಿಗೆ ಹಾಕಲು ಹೋದರೆ 'ಅನುಮತಿ ಪಡೆಯಿರಿ' ಎನ್ನುತ್ತದೆ ಸ್ಕ್ಯಾನರಿನ ತಂತ್ರಾಂಶ. ಅನುಮತಿ ಕೊಡಬೇಕಾದ ಕಂಪನಿ ಬಾಗಿಲು ಹಾಕಿ ಮೂರು ವರ್ಷವಾಯಿತು.

ಇದರ ಜೊತೆಗೆ ನಿನ್ನೆ ಅತ್ತೆ ಬಂದಿದ್ದಾರೆ. ಅವರ ಫ್ಲ್ಯಾಟಿನಲ್ಲಿ ಗೋಡೆ ಒಡೆದು ಹೊಸ ಪೈಪು ಹಾಕುತ್ತಿದ್ದಾರೆ, ಆರು ವಾರದ ಕೆಲಸವಂತೆ. ಮಗಳಿಲ್ಲದ ಮನೆಯಲ್ಲಿ ಅತ್ತೆ ಅಳಿಯ ಇಬ್ಬರೇ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾವಿಬ್ಬರು ಆಡಿದ ಮಾತನ್ನೆಲ್ಲ ಕೂಡಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬಲಿಕ್ಕಿಲ್ಲ.

ಮಾರ್ಚ್ ೫, ಬುಧವಾರ

ಬಸ್ ಕಂಡಕ್ಟರಮ್ಮ ಬಂದಿದ್ದಳು. ವಯಸ್ಸು ಮೂವತ್ತೆಂಟು, ಡಿಪೋದಲ್ಲಿ ಹಿಂದಕ್ಕೆ ಬಂದ ಬಸ್ಸಿನ ಚಕ್ರಕ್ಕೆ ಸಿಕ್ಕು ಬಲಗಾಲು ಮೊಣಕಾಲಿನ ಕೆಳಗೆ ಹೋಗಿದೆ. ತಾತ್ಕಾಲಿಕ ಕಾಲು ನಾನೇ ಮಾಡಿಕೊಟ್ಟಿದ್ದೆ. ಅದರ ಸಾಕೆಟ್ಟು, ಅಂದರೆ ಉಳಿದ ಕಾಲು ಕೂರುವ ಜಾಗ, ಒತ್ತುತ್ತದೆ ಎಂದು ಎರಡು ಸಲ ಹೇಳಿದ್ದಳು. ಅಭ್ಯಾಸವಾಗುತ್ತೆ, ತಡ್ಕೊಳ್ಳಿ ಅಂದಿದ್ದೆ. ಇವತ್ತು ಬಿಚ್ಚಿ ನೋಡಿದರೆ ಹುಣ್ಣು.

ಏಪ್ರಿಲ್ ಎರಡಕ್ಕೆ ಅವಳ ಪರೀಕ್ಷೆ. ಬಸ್ಸು ಹತ್ತಿ ಇಳಿಯಬೇಕು, ಓಡುವ ಬಸ್ಸಿನಲ್ಲಿ ಒಂದು ಪೂರ್ತಿ ಟ್ರಿಪ್ಪು ನಿಂತೇ ಕೆಲಸ ಮಾಡಿ ತೋರಿಸಬೇಕು. ಆಗದಿದ್ದರೆ ಡಿಪೋದ ಕಿಟಕಿಯ ಹಿಂದೆ ಪಾಸು ಕೊಡುವ ಕೆಲಸ, ಅದೂ ಕಾಯಂ.

"ಕೂತು ಮಾಡೋ ಕೆಲಸ ಒಳ್ಳೇದೇ ಅಲ್ವಾ?" ಅಂದೆ.

"ಬಸ್ಸಲ್ಲಿ ಅರವತ್ತು ಜನ ನನ್ನ ಮಾತು ಕೇಳ್ತಾರೆ ಸರ್. ಮುಂದೆ ಹೋಗಿ ಅಂದ್ರೆ ಮುಂದೆ ಹೋಗ್ತಾರೆ. ಮನೇಲಿ ಒಬ್ರೂ ಕೇಳಲ್ಲ."

ನನಗೆ ನಗು ಬರಲಿಲ್ಲ, ಸ್ಕ್ಯಾನು ಆಗಲೇ ಎರಡು ಸಲ ಕೈಕೊಟ್ಟಿತ್ತು. ಒಂದೂವರೆ ಗಂಟೆ ಅವಳು ಕಾಲು ಗಾಳಿಯಲ್ಲಿ ಚಾಚಿಕೊಂಡು ಕೂತಿದ್ದಳು. ಕಾಲು ನಡುಗಿದರೆ ಗದರಿದೆ. ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯೋಣವೆಂದರೆ ಅವಳಿಗೆ ಚರ್ಮ ಕಸಿ ಮಾಡಿದ್ದಾರೆ, ಎಳೆದರೆ ಕಿತ್ತು ಬರುತ್ತದೆ. ಮೂರನೇ ಸಲಕ್ಕೆ ಹೇಗೋ ಒಂದು ಸ್ಕ್ಯಾನು ಸಿಕ್ಕಿತು. ಅದರ ಲೆಕ್ಕ ಮುಗಿಯುವ ಮುಂಚೆ ಮತ್ತೆ ಸತ್ತಿತು.

ಮಾರ್ಚ್ ೮, ಶನಿವಾರ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನು ಲ್ಯಾಪ್‌ಟಾಪನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಇದರ ಆಯಸ್ಸು ಮುಗೀತು ಸರ್" ಎಂದು ಸಂತಾಪ ಸೂಚಿಸಿ ಹೋದ. ಭಾನುವಾರ ಕೂತು ಸ್ಕ್ಯಾನುಗಳನ್ನಾದರೂ ಉಳಿಸಿಕೊಳ್ಳೋಣವೆಂದು ಮನೆಗೆ ತಂದೆ.

ಊಟದ ಮೇಜಿನ ಮೇಲಿಟ್ಟು ಶುರು ಮಾಡಿದೆ. ಫ್ಯಾನು ಎಂದಿನಂತೆ ಅರಚಿತು. ಪತ್ರಿಕೆ ಓದುತ್ತಿದ್ದ ಅತ್ತೆ ಕನ್ನಡಕ ತೆಗೆದು ಎದ್ದು ಬಂದು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಅದರ ಅಡಿಗೆ ಕೈಯ ಹಿಂಬದಿ ಇಟ್ಟರು.

"ಎಷ್ಟು ದಿನದಿಂದ ಹೀಗೆ?"

"ಆರು ತಿಂಗಳಾಯ್ತು. ಬಿಡಿ ಅತ್ತೆ, ಅದು ಮುಗಿದ ಕಥೆ."

"ಬಿಚ್ಚಲಾ?"

"ನಿಮಗೆ ಗೊತ್ತಾ ಇದೆಲ್ಲ?"

"ಮೂವತ್ತೊಂದು ವರ್ಷ ಬಿಚ್ಚಿದ್ದು ಬಿಟ್ಟು ಬೇರೇನು ಮಾಡಿದೀನಿ ಅಳಿಯಂದಿರೇ?"

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು ಎಂದು ಗೊತ್ತಿತ್ತು. ಕಿವಿಗೆ ಯಂತ್ರ ಹಾಕಿಕೊಂಡು ಕರೆ ಜೋಡಿಸುತ್ತಿದ್ದರು ಎಂದುಕೊಂಡಿದ್ದೆ. ಅಲ್ಲವಂತೆ. ಅವರು ಇದ್ದದ್ದು ಪವರ್ ರೂಮಿನಲ್ಲಿ. ಕರೆಂಟು ಹೋದರೂ ಊರಿನ ಫೋನು ಸಾಯದ ಹಾಗೆ ನೋಡಿಕೊಳ್ಳುವ ಬ್ಯಾಟರಿಗಳು, ಅವಕ್ಕೆ ಕರೆಂಟು ಹದಮಾಡಿ ಕೊಡುವ ಆಳೆತ್ತರದ ರೆಕ್ಟಿಫೈಯರುಗಳು, ನಲವತ್ತೆಂಟು ವೋಲ್ಟು ಹಗಲಿರುಳು ಅಲುಗದಂತೆ ಇಡುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಒಂದು ಕಾಗದದ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನು ಚಿತ್ರದಲ್ಲಿ ಅದರ ಜಾಗಕ್ಕೇ ಅಂಟಿಸಿದರು. ನಾನಾದರೆ ಎಲ್ಲವನ್ನೂ ಒಂದು ಬಟ್ಟಲಿಗೆ ಸುರಿದು ಆಮೇಲೆ ತಲೆ ಚಚ್ಚಿಕೊಳ್ಳುತ್ತಿದ್ದೆ.

ಒಳಗೆ ನಮ್ಮ ಕಾರ್ಯಾಗಾರದ ಪ್ಲಾಸ್ಟರ್ ಪುಡಿಯೇ ಇತ್ತು. ಫ್ಯಾನಿನ ಬಾಯಿಗೆ ಕಂಬಳಿ ತುಂಡಿನ ಹಾಗೆ ಕೂತಿತ್ತು.

"ಇದರದ್ದೂ ಅಚ್ಚು ತೆಗೆದುಬಿಟ್ಟಿದ್ದೀರಿ" ಅಂದರು. ನಕ್ಕೆವು.

ಪ್ರೊಸೆಸರಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಪೇಸ್ಟು ಒಣಗಿ ಬಿರುಕು ಬಿಟ್ಟಿತ್ತು. ಕೆರೆದು ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟು ಮುಚ್ಚಿದರು. ಅರವತ್ತೆಂಟು ವರ್ಷದ ಕೈ. ನೀರಿನ ಲೋಟ ಎತ್ತುವಾಗ ಸ್ವಲ್ಪ ನಡುಗುತ್ತದೆ, ಸ್ಕ್ರೂ ಡ್ರೈವರ್ ಹಿಡಿದರೆ ಇಲ್ಲ. ಸುಮ್ಮನೆ ನೋಡುತ್ತ ಕೂತೆ. ಕೆಲಸ ಬಲ್ಲ ಕೈಯನ್ನು ನೋಡುವುದು ನನಗೆ ಮೊದಲಿನಿಂದಲೂ ಇಷ್ಟ.

ಮಾರ್ಚ್ ೧೦, ಸೋಮವಾರ

ಸಾಯಲಿಲ್ಲ! ಆದರೆ ಎಮ್ಮೆಯ ನಡಿಗೆ. ಒಂದು ಕಾಲಿನ ಲೆಕ್ಕಕ್ಕೆ ನಲವತ್ಮೂರು ನಿಮಿಷ. ಬಿಸಿ ತೊಂಬತ್ತೇಳು ಡಿಗ್ರಿ. ಸಂಜೆ ಮನೆಗೆ ಬಂದು, ಜಾಸ್ತಿ ಪವರ್ ಕೊಟ್ಟು ಓಡಿಸೋಕೆ ಆಗಲ್ವಾ ಅತ್ತೆ ಅಂತ ಕೇಳಿದೆ.

"ಅದಕ್ಕೆ ಈಗ್ಲೇ ಜಾಸ್ತಿ ಆಗಿದೆ" ಅಂದರು.

ಅವರು ಹೇಳಿದ್ದನ್ನು ಮರೆಯದ ಹಾಗೆ ಬರೆದಿಡುತ್ತೇನೆ. ಕಂಪನಿ ಲಕ್ಷಾಂತರ ಚಿಪ್ಪು ಮಾಡುತ್ತದೆ, ಒಂದೊಂದರ ಜಾಯಮಾನ ಒಂದೊಂದು. ಎಲ್ಲಕ್ಕಿಂತ ಬಡಕಲು ಚಿಪ್ಪೂ ತಡವರಿಸದೆ ನಡೆಯಲಿ ಎಂದು ಎಲ್ಲಕ್ಕೂ ಕೊಂಚ ಹೆಚ್ಚೇ ವೋಲ್ಟೇಜು ಇಟ್ಟಿರುತ್ತಾರೆ. ಹೆಚ್ಚು ಕೊಟ್ಟದ್ದು ಕೆಲಸಕ್ಕೆ ಬರುವುದಿಲ್ಲ, ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಪ್ರೊಸೆಸರು ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ವೋಲ್ಟೇಜು ಇಳಿಸಿದರೆ ಬಿಸಿ ಇಳಿಯುತ್ತದೆ. ಬಿಸಿ ಇಳಿದರೆ ನಿಧಾನ ಮಾಡುವ ಕಾರಣವೇ ಇಲ್ಲ, ಓಡುತ್ತದೆ.

"ಕಡಿಮೆ ಕೊಟ್ರೆ ಜಾಸ್ತಿ ಕೆಲಸ ಮಾಡುತ್ತಾ?" ನಾನು ನಂಬಲಿಲ್ಲ.

"ಅಂಗಡೀಲಿ ಸಿಗೋ ಅಂಗಿ ಎಲ್ಲರಿಗೂ ಹಿಡಿಸಲಿ ಅಂತ ದೊಗಲೆ ಹೊಲಿದಿರ್ತಾರೆ. ಇದಕ್ಕೆ ಇದರ ಅಳತೆಗೇ ಹೊಲಿಬೇಕು ಅಷ್ಟೆ. ನನ್ನ ಲ್ಯಾಪ್‌ಟಾಪಿಗೂ ಮಾಡಿದೀನಿ. ಅದರ ಫ್ಯಾನಿನ ಗಲಾಟೆಗೆ ರೇಡಿಯೋ ಕೇಳಿಸ್ತಿರಲಿಲ್ಲ."

ಅಳತೆಯ ಮಾತು ಬಂದ ಕೂಡಲೇ ನನಗೆ ಅರ್ಥವಾಯಿತು. ಸಾಕೆಟ್ಟಿನವನಿಗೆ ಇನ್ನೇನು ಹೇಳಬೇಕು.

ಎಲ್ಲ ಯಂತ್ರಗಳೂ ಇದಕ್ಕೆ ಒಪ್ಪುವುದಿಲ್ಲವಂತೆ, ಕೆಲವಕ್ಕೆ ಕಂಪನಿಯೇ ಬೀಗ ಹಾಕಿರುತ್ತದೆ. ನಮ್ಮದು ಹಳೆಯದು, ಬೀಗ ಇರಲಿಲ್ಲ. ಆಯಸ್ಸು ಮುಗಿದದ್ದಕ್ಕೂ ಒಂದು ಲಾಭ.

ಮಾರ್ಚ್ ೧೩, ಗುರುವಾರ

ಅತ್ತೆ ದಿನವೂ ನನ್ನ ಜೊತೆ ಕಾರ್ಯಾಗಾರಕ್ಕೆ ಬರುತ್ತಿದ್ದಾರೆ. ಪ್ಲಾಸ್ಟರಿನವನು ಅವರಿಗೆಂದು ಕಿಟಕಿಯ ಹತ್ತಿರದ ಕುರ್ಚಿ ಒರೆಸಿಡುತ್ತಾನೆ. ನನಗೆ ಇಷ್ಟು ವರ್ಷದಲ್ಲಿ ಸ್ಟೂಲು ಕೂಡ ಒರೆಸಿದವನಲ್ಲ.

ಕೆಲಸ ಹೀಗೆ. ವೋಲ್ಟೇಜನ್ನು ಹತ್ತು ಮಿಲಿವೋಲ್ಟು ಇಳಿಸುವುದು, ಅಂದರೆ ಒಂದು ವೋಲ್ಟಿನ ನೂರರಲ್ಲೊಂದು ಪಾಲು. ಆಮೇಲೆ ಅರ್ಧ ಗಂಟೆ ಪ್ರೊಸೆಸರಿಗೆ ಮೈಮುರಿಯುವಷ್ಟು ಲೆಕ್ಕ ಕೊಟ್ಟು ಓಡಿಸುವುದು. ಬಿಸಿ ಎಷ್ಟು, ವೇಗ ಎಷ್ಟು, ತಡವರಿಸಿತೇ, ಎಲ್ಲ ಬರೆಯುವುದು. ಆಮೇಲೆ ಒಂದು ಹೊತ್ತು ನಮ್ಮ ಮಾಮೂಲು ಕೆಲಸ ಕೊಟ್ಟು ನೋಡುವುದು. ಬೀಳದಿದ್ದರೆ ಇನ್ನು ಹತ್ತು.

"ಒಂದೇ ಸಲ ನೂರು ಇಳಿಸಿ ನೋಡಬಾರ್ದಾ?"

"ನೋಡಬಹುದು. ಬಿದ್ರೆ ಹತ್ತರಲ್ಲಿ ಬಿತ್ತಾ, ತೊಂಬತ್ತರಲ್ಲಿ ಬಿತ್ತಾ ಅಂತ ಯಾರನ್ನ ಕೇಳ್ತೀರಿ?"

ಯಂತ್ರ ಆನ್ ಆದ ತಕ್ಷಣ ಹೊಸ ವೋಲ್ಟೇಜು ತಾನೇ ಕೂರುವಂತೆ ಮಾಡುವ ಗುಂಡಿಯೊಂದಿದೆ. ಅದನ್ನು ಮಾತ್ರ ಕೊನೆಯವರೆಗೂ ಒತ್ತಬೇಡಿ ಅಂದರು. ವೋಲ್ಟೇಜು ಸಾಲದೆ ಹೋದರೆ ಏಳುವುದು ಬೀಳುವುದು, ಏಳುವುದು ಬೀಳುವುದು, ಅದೇ ಆಗುತ್ತದೆ. ಒತ್ತದಿದ್ದರೆ ಬಿದ್ದರೂ ಮತ್ತೆ ಎದ್ದಾಗ ಹಳೆಯ ವೋಲ್ಟೇಜಿಗೇ ಬಂದಿರುತ್ತದೆ, ಏನೂ ಕೆಟ್ಟಿರುವುದಿಲ್ಲ.

ಅವರ ಅಕ್ಷರ ಮುದ್ರಿಸಿದ ಹಾಗಿದೆ. ಎಪ್ಪತ್ತು ಮಿಲಿವೋಲ್ಟು ಇಳಿಸಿದ್ದೇವೆ. ಬಿಸಿ ತೊಂಬತ್ತು.

ಮಾರ್ಚ್ ೧೫, ಶನಿವಾರ

ನೂರಿಪ್ಪತ್ತು ಇಳಿಸಿದಾಗ, ಯಂತ್ರ ಬಿತ್ತೆಂದು ಸಾರುವ ನೀಲಿ ಪರದೆ ಬಂತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅತ್ತೆ ಮಾತ್ರ ಹುಡುಕುತ್ತಿದ್ದ ವಸ್ತು ಸಿಕ್ಕವರಂತೆ, "ಹಾಂ, ಇಲ್ಲಿದೆ ಗಡಿ" ಅಂದರು.

ನೂರಹತ್ತಕ್ಕೆ ಹಿಂದೆ ಬಂದೆವು. ಮತ್ತೆ ಅರ್ಧ ಗಂಟೆ ಓಡಿಸಿದರೂ ಬೀಳಲಿಲ್ಲ. ನಾನು ಗೆದ್ದೆವು ಅಂದೆ. ಅವರು ನಾಳೆಯೂ ನೋಡೋಣ ಅಂದರು.

ಮಾರ್ಚ್ ೧೬, ಭಾನುವಾರ

ಅವರು ನಾಳೆಯೂ ನೋಡೋಣ ಅಂದದ್ದೇಕೆಂದು ಈಗ ಗೊತ್ತಾಯಿತು. ಯಾವ ಕೆಲಸವನ್ನೂ ಕೊಡದೆ ಮೇಜಿನ ಮೇಲೆ ಇಟ್ಟು ನಾವು ಚಹಾ ಕುಡಿಯುತ್ತಿದ್ದೆವು. ತನ್ನಷ್ಟಕ್ಕೆ ತಾನೇ ಬಿತ್ತು. ದುಡಿಯುವಾಗ ಬೀಳದ್ದು ಸುಮ್ಮನಿರುವಾಗ ಬೀಳುವುದೆಂದರೇನು?

ವಿಶ್ರಾಂತಿಯಲ್ಲಿದ್ದಾಗ ಅದು ಮೊದಲೇ ಕಡಿಮೆ ವೋಲ್ಟೇಜಿನಲ್ಲಿರುತ್ತದಂತೆ. ಇರುವುದೇ ಸ್ವಲ್ಪ, ಅದರಲ್ಲೂ ಅಷ್ಟೇ ಕಿತ್ತುಕೊಂಡರೆ ನಿಲ್ಲಲು ನೆಲವಿರುವುದಿಲ್ಲ. "ಎಲ್ಲರೂ ಭಾರ ಹೊರಿಸಿ ಪರೀಕ್ಷೆ ಮಾಡ್ತಾರೆ. ಭಾರ ಇಳಿಸಿದಾಗ ಹೇಗಿರುತ್ತೆ ಅಂತ ನೋಡಲ್ಲ" ಅಂದರು.

ಇದನ್ನು ಯಾವ ಪುಸ್ತಕದಲ್ಲಿ ಓದಿದಿರಿ ಎಂದು ಕೇಳಿದೆ. ಓದಿಲ್ಲ, ತಮ್ಮ ಲ್ಯಾಪ್‌ಟಾಪು ಹೀಗೇ ಏಳು ಸಲ ಬಿದ್ದಿತ್ತು ಅಂದರು. ಏಳು ಸಲವೂ ದಿನಾಂಕ, ಸಮಯ ಬರೆದಿಟ್ಟಿದ್ದಾರೆ!

ತೊಂಬತ್ತಕ್ಕೆ ನಿಲ್ಲಿಸಿದರು. ನೂರರಲ್ಲಿಯೂ ಓಡುತ್ತಿತ್ತು, ಆದರೂ ತೊಂಬತ್ತು. ಗಡಿ ಮೇಲೆ ಮನೆ ಕಟ್ಟಬಾರದಂತೆ.

ಮಾರ್ಚ್ ೧೯, ಬುಧವಾರ

ಮೂರು ದಿನದಿಂದ ಒಂದು ಸಲವೂ ಬಿದ್ದಿಲ್ಲ. ಇಪ್ಪತ್ತೆಂಟು ನಿಮಿಷ! ನಲವತ್ಮೂರು ಎಲ್ಲಿ, ಇಪ್ಪತ್ತೆಂಟು ಎಲ್ಲಿ. ಬಿಸಿ ಎಂಬತ್ತೆರಡು ದಾಟುವುದಿಲ್ಲ. ಅದೇ ಹಳೆಯ ಲ್ಯಾಪ್‌ಟಾಪು, ಅದೇ ಪ್ರೊಸೆಸರು. ಕಂಪ್ಯೂಟರ್ ವಿಭಾಗದವನನ್ನು ಕರೆದು ತೋರಿಸಿದೆ. ಅವನು ಅತ್ತೆಯ ಪಟ್ಟಿಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದ. ನನಗೆ ಹೆಮ್ಮೆ, ನಾನೇ ಮಾಡಿದವನ ಹಾಗೆ.

ಕಂಡಕ್ಟರಮ್ಮ ಬಂದಿದ್ದಳು. ಹುಣ್ಣು ಒಣಗಿದೆ, ಬಾವು ಇಳಿದು ಕಾಲು ಸಣ್ಣಗಾಗಿದೆ. ಹೊಸದಾಗಿ ಸ್ಕ್ಯಾನು ಮಾಡಿದೆ, ಒಂದೇ ಸಲಕ್ಕೆ ಬಂತು. ಲೆಕ್ಕ ಬೇಗ ಮುಗಿದು ಹದಿನೈದು ನಿಮಿಷ ಉಳಿಯಿತಲ್ಲ, ಅದನ್ನು ಹೇಗಾದರೂ ಕಳೆಯಬೇಕು, ಎಲ್ಲೆಲ್ಲಿ ಒತ್ತುತ್ತದೆ ಎಂದು ಅವಳನ್ನು ಕೇಳಿದೆ. ಬೆರಳಿಟ್ಟು ತೋರಿಸಿದಳು. ನಿಂತಾಗ ಇಲ್ಲಿ, ತಿರುಗಿದಾಗ ಇಲ್ಲಿ, ಬಸ್ಸು ಬಲಕ್ಕೆ ವಾಲಿದರೆ ಭಾರವೆಲ್ಲ ಇಲ್ಲಿ. ಹದಿನೈದು ನಿಮಿಷ ಹೋಗಿ ಒಂದು ಗಂಟೆಯಾಯಿತು. ಬಸ್ಸಿನೊಳಗೆ ನಿಲ್ಲುವುದೆಂದರೆ ನಡೆಯುವುದಕ್ಕಿಂತ ಕಷ್ಟ ಎಂದು ನನಗೆ ಹೊಳೆದೇ ಇರಲಿಲ್ಲ. ನಡೆಯುವವನಿಗೆ ಮುಂದಿನ ಹೆಜ್ಜೆ ಗೊತ್ತಿರುತ್ತದೆ, ಬಸ್ಸಿನಲ್ಲಿ ನಿಂತವಳ ಹೆಜ್ಜೆ ಡ್ರೈವರಿನ ಕಾಲಲ್ಲಿರುತ್ತದೆ.

ಪ್ಲಾಸ್ಟರಿನವನು ಸಂಜೆ ಕೈ ತೊಳೆಯುತ್ತ, "ಇಲ್ಲಿ ಈಗ ಸದ್ದೇ ಇಲ್ಲ ಸರ್. ನೆಮ್ಮದಿಯಾಗಿದೆ" ಅಂದ. ನಿಜ. ಆ ಫ್ಯಾನು ಅಷ್ಟು ಅರಚುತ್ತಿತ್ತು.

ಮಾರ್ಚ್ ೨೧, ಶುಕ್ರವಾರ

ಹೆಂಡತಿ ಫೋನು ಮಾಡಿದ್ದಳು.

"ಯಾಕೆ, ಹುಷಾರಿಲ್ವಾ?"

"ಚೆನ್ನಾಗೇ ಇದೀನಿ."

"ಮತ್ತೆ ಇಷ್ಟು ಮೆತ್ತಗೆ ಮಾತಾಡ್ತಿದೀರಾ?"

ಫೋನಿನ ದೋಷವಿರಬೇಕು. ಅವಳಮ್ಮನ ಬಗ್ಗೆ ಹೇಳಿದೆ. ಮಧ್ಯೆ ಹೂಂ ಅನ್ನಲೂ ಜಾಗ ಕೊಡದೆ ಹೇಳಿದೆನಂತೆ. "ಅಮ್ಮ ಹಾಗೇನೇ" ಅಂದಳು. ನನಗೆ ಸಿಟ್ಟು ಬಂತು. ಹಾಗೇನೇ ಅಂದರೇನು? ಗೊತ್ತಿದ್ದರೆ ಮೊದಲೇ ಹೇಳಬಾರದಿತ್ತೇ?

ಮಾರ್ಚ್ ೨೫, ಮಂಗಳವಾರ

ಹಾಳು ಮಾಡಿದೆ. ನಾಳೆ ಬರೆಯುತ್ತೇನೆ.

ಮಾರ್ಚ್ ೨೬, ಬುಧವಾರ

ನಿನ್ನೆ ಅತ್ತೆ ಫ್ಲ್ಯಾಟಿನ ಕೆಲಸ ನೋಡಲು ಹೋಗಿದ್ದರು. ತೊಂಬತ್ತರಲ್ಲೇ ಇಷ್ಟು ಚೆನ್ನಾಗಿ ಓಡುವುದು ನೂರಹದಿನೈದರಲ್ಲಿ ಇನ್ನೆಷ್ಟು ಓಡೀತು ಎಂಬ ಆಸೆ ಹುಟ್ಟಿತು ನನಗೆ. ಕೈಯಲ್ಲಿ ಕೆಲಸ ರಾಶಿ ಬಿದ್ದಿತ್ತು. ಸುಳ್ಳು, ಕೆಲಸ ರಾಶಿ ಬಿದ್ದಿದ್ದಕ್ಕಲ್ಲ. ಅವರಿಗಿಂತ ಎರಡು ನಿಮಿಷ ಕಡಿಮೆ ಮಾಡಿ ತೋರಿಸಬೇಕು ಅನಿಸಿತು.

ಇಳಿಸಿದೆ. ಎರಡು ಗಂಟೆ ಚೆನ್ನಾಗಿತ್ತು. ಕಂಡಕ್ಟರಮ್ಮನ ಸಾಕೆಟ್ಟಿಗೆ ಐದು ದಿನದಿಂದ ಮಾಡಿದ ತಿದ್ದುಪಡಿಯನ್ನೆಲ್ಲ ಉಳಿಸಲು ಒತ್ತಿದಾಗ, ಸರಿಯಾಗಿ ಆ ಗಳಿಗೆಯಲ್ಲೇ, ನೀಲಿ ಪರದೆ. ಎದ್ದ ಮೇಲೆ ನೋಡಿದರೆ ಕಡತ ತೆರೆಯಲಿಲ್ಲ. ಸ್ಕ್ಯಾನೂ ಅದರೊಳಗೇ ಇತ್ತು. ಬೇರೆ ಕಡೆ ಇಟ್ಟಿದ್ದ ಪ್ರತಿ ಮೂರು ವಾರ ಹಳೆಯದು, ಕಾಲಿಗೆ ಬಾವಿದ್ದಾಗಿನದು.

ತಿರುಗಿದೆ. ಪ್ಲಾಸ್ಟರಿನವನು ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ.

"ನಾನು ಪ್ಲಗ್ ಮುಟ್ಟಿಲ್ಲ ಸರ್."

ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದವನು, ಏನು ಕೆಟ್ಟರೂ ತನ್ನ ತಲೆಗೇ ಬರುತ್ತದೆ ಎಂದು ಮೊದಲೇ ಸಾಕ್ಷಿ ಹೇಳುತ್ತಿದ್ದಾನೆ. ಬಾಯಿಗೆ ಬಂದಿತ್ತು ಕೂಡ, ಕರೆಂಟು ಹೋಯಿತೇನೋ ಎಂದು. ನುಂಗಿಕೊಂಡೆ.

"ನೀನಲ್ಲ. ನಾನೇ ಮಾಡಿದ್ದು" ಅಂದೆ.

ಅವನು ಕೂತುಕೊಂಡ.

ಇವತ್ತು ಬೆಳಿಗ್ಗೆ ಕಂಡಕ್ಟರಮ್ಮನಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಇನ್ನೂ ಏಳು ದಿನ ಇದೆಯಲ್ಲ ಸರ್. ಯಾವಾಗ ಬರ್ಲಿ?" ಎಂದು ಕೇಳಿದಳು. ಎರಡು ಬಸ್ಸು ಬದಲಿಸಿ, ಊರುಗೋಲಿನಲ್ಲಿ, ಮಧ್ಯಾಹ್ನಕ್ಕೆ ಬಂದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅತ್ತೆಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಕೇಳಿಸಿಕೊಂಡು, ನೂರಹದಿನೈದರಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂದು ಕೇಳಿದರು. ಎರಡು ಗಂಟೆ ಅಂದೆ. ಪುಸ್ತಕ ತೆಗೆದು ಬರೆದುಕೊಂಡರು. ಆಮೇಲೆ ಹೇಳಿದರು:

"ಕೆಲಸಕ್ಕೆ ಸೇರಿ ಮೂರನೇ ವರ್ಷ. ಬ್ಯಾಟರಿ ಬದಲಾಯಿಸೋಕೆ ಇಬ್ಬರು ಬೇಕು, ಇನ್ನೊಬ್ಬರು ಬರೋದು ತಡವಾಯ್ತು. ನಾನೊಬ್ಬಳೇ ಮಾಡ್ತೀನಿ ನೋಡಿ ಅಂತ ಹೊರಟೆ. ಇಡೀ ಊರಿನ ಫೋನು ನಲವತ್ತು ನಿಮಿಷ ಸತ್ತುಹೋಯ್ತು. ಯಾರೂ ನನ್ನ ಬೈಲಿಲ್ಲ. ಆದ್ರೆ ಆ ನಲವತ್ತು ನಿಮಿಷದಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕಿತ್ತೋ, ಅದು ಇವತ್ತಿಗೂ ಗೊತ್ತಿಲ್ಲ ನಂಗೆ."

ಅವರು ತೊಂಬತ್ತಕ್ಕೇ ನಿಲ್ಲಿಸಿದ್ದು ಹೆದರಿಕೆಯಿಂದ ಎಂದುಕೊಂಡಿದ್ದೆ. ನಾನೆಂಥ ದಡ್ಡ.

ಮಾರ್ಚ್ ೩೦, ಭಾನುವಾರ

ಕಾಲು ಸಿದ್ಧವಾಯಿತು. ಮಾಡಿದ್ದು ನಾನೊಬ್ಬನೇ ಅಲ್ಲ. ಮೂರು ದಿನ ಪ್ಲಾಸ್ಟರಿನವನು ಹೇಳದೆಯೇ ಒಂದು ಗಂಟೆ ಮುಂಚೆ ಬಂದ. ಸಾಕೆಟ್ಟಿನ ಒಳ ಅಂಚು ಉಜ್ಜಿ ನುಣುಪು ಮಾಡುವುದರಲ್ಲಿ ಅವನ ಹೆಬ್ಬೆರಳಿಗೆ ಸಾಟಿಯಿಲ್ಲ. ಇದನ್ನು ಅವನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ, ಬಾಗಿಲ ಕಡೆ ನೋಡಿ, ಮತ್ತೆ ಉಜ್ಜತೊಡಗಿದ.

ಅತ್ತೆ ಪಕ್ಕದಲ್ಲಿ ಕೂತು ಪ್ರತಿ ಅರ್ಧ ಗಂಟೆಗೆ ಕಡತದ ಪ್ರತಿಯನ್ನು ಬೇರೆ ಕಡೆ ಇಟ್ಟರು. ವೋಲ್ಟೇಜು ತೊಂಬತ್ತೇ. ಲೆಕ್ಕದ ನಡುವೆ ಸಿಕ್ಕ ಬಿಡುವಿನಲ್ಲಿ ಮೊಣಕಾಲಿನ ಹಿಂದಿನ ಅಂಚನ್ನು ನಾಲ್ಕು ಸಲ ತಿದ್ದಿದೆ. ಮೊದಲಾಗಿದ್ದರೆ ಒಂದು ಸಲ ತಿದ್ದಿ ಸಾಕು ಅಂದುಬಿಡುತ್ತಿದ್ದೆ, ಯಂತ್ರ ನಿಧಾನವಿತ್ತಲ್ಲ.

ನಿನ್ನೆ ಕಂಡಕ್ಟರಮ್ಮ ಹಾಕಿಕೊಂಡು ನಿಂತಳು. ನಾನು ಕೇಳಿದೆ, ಎಲ್ಲಿ ಒತ್ತುತ್ತೆ? ಅವಳು ಬಹಳ ಹೊತ್ತು ಯೋಚಿಸಿದಳು. "ಹುಡುಕ್ತಿದೀನಿ ಸರ್" ಅಂದಳು.

ಏಪ್ರಿಲ್ ೨, ಬುಧವಾರ

ಬೆಳಿಗ್ಗೆಯಿಂದ ಯಾವ ಕೆಲಸವೂ ಸಾಗಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಪ್ಲಾಸ್ಟರಿನವನು ಒಂದೇ ಅಚ್ಚನ್ನು ಮೂರು ಸಲ ತೊಳೆದ. ಎರಡೂಕಾಲು ಗಂಟೆಗೆ ಕಂಡಕ್ಟರಮ್ಮನ ಫೋನು ಬಂತು.

"ಸರ್, ಇಳಿಯೋವಾಗ ಎರಡನೇ ಮೆಟ್ಟಿಲಲ್ಲಿ ಜಾರಿದೆ."

"ಬಿದ್ರಾ?" ಅಂದೆ.

"ಜಾರಿದೆ, ಬೀಳಲಿಲ್ಲ. ಪರೀಕ್ಷೆಗೆ ಬಂದಿದ್ದ ಡಾಕ್ಟರು ಏನೋ ಬರ್ಕೊಂಡ್ರು. ಆಮೇಲೆ ಟ್ರಿಪ್ಪು. ಡ್ರೈವರಿಗೆ ಮೊದಲೇ ಹೇಳಿಕೊಟ್ಟಿದ್ರೋ ಏನೋ ಸರ್, ಏನ್ ಬ್ರೇಕ್ ಹಾಕ್ದ! ಕಡೆಯ ಸ್ಟಾಪಲ್ಲಿ ಇಳಿದಾಗ ಆ ಡಾಕ್ಟರೇ ಸುಸ್ತಾಗಿ ಕಂಬ ತಬ್ಕೊಂಡು ನಿಂತಿದ್ರು."

"ಪಾಸಾ?"

"ಸೋಮವಾರದಿಂದ ಡ್ಯೂಟಿ ಸರ್!"

ಫೋನನ್ನು ಪ್ಲಾಸ್ಟರಿನವನ ಕೈಗೆ ಕೊಟ್ಟೆ, ಅವನಿಗೂ ಹೇಳಲಿ ಎಂದು. ಅವನು ಹಲೋ ಎಂದದ್ದೇ ಅಳತೊಡಗಿದ. ನಾನು ಕಿಟಕಿಯ ಕಡೆ ತಿರುಗಿದೆ, ಅತ್ತೆಗೆ ಹೇಳಬೇಕಿತ್ತಲ್ಲ. ಅವರು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಹೊಸ ವೋಲ್ಟೇಜು ಕಾಯಂ ಮಾಡುವ ಆ ಗುಂಡಿಯ ಮೇಲೆ ಬೆರಳಿಟ್ಟು, "ಈಗ ಒತ್ತಬಹುದು. ಇನ್ನು ದಿನಾ ಹೇಳಿಕೊಡೋದು ಬೇಡ ಇದಕ್ಕೆ" ಅಂದರು.

ಏಪ್ರಿಲ್ ೧೩, ಭಾನುವಾರ

ಅತ್ತೆ ಹೊರಟರು. ಫ್ಲ್ಯಾಟಿನ ಕೆಲಸ ಮುಗಿದಿದೆ, ನೀರು ಬರುತ್ತಿದೆಯಂತೆ. ಆಟೋ ಕರೆಯುತ್ತೇನೆ ಎಂದವನು ನಿಲ್ಲಿಸಿ, ಬಸ್ಸಿನಲ್ಲಿ ಹೋಗೋಣ್ವಾ ಎಂದು ಕೇಳಿದೆ. ಯಾವ ಬಸ್ಸು, ಎಷ್ಟು ಗಂಟೆಗೆ ಎಂದು ನಿನ್ನೆಯೇ ಡಿಪೋಗೆ ಫೋನು ಮಾಡಿ ತಿಳಿದುಕೊಂಡಿದ್ದೆ. ಅವರು ಏಕೆಂದು ಕೇಳಲಿಲ್ಲ.

ಬಸ್ಸು ತುಂಬಿತ್ತು. ಒಬ್ಬ ಹುಡುಗಿ ಎದ್ದು ಅತ್ತೆಗೆ ಕಿಟಕಿಯ ಸೀಟು ಕೊಟ್ಟಳು. ನಾನು ಎರಡು ಕೈಗೆ ಎರಡು ಚೀಲ ಹಿಡಿದು ನಿಂತೆ. ದಾರಿಯುದ್ದಕ್ಕೂ ಅವರಿಗೊಂದು ಮಾತು ಹೇಳಬೇಕೆಂದು ಹೊಂದಿಸುತ್ತಿದ್ದೆ. ಈ ಆರು ವಾರ ನಿಮ್ಮಿಂದ, ಎಂದು ಶುರುವಾಗುವ ಮಾತು. ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ದೊಡ್ಡ ದನಿ ಕೇಳಿಸಿತು.

"ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ಏನ್ ಇಟ್ಟಿದೀರಾ!"

ಅರವತ್ತು ಜನ ಮುಂದೆ ಸರಿದರು. ನಾನೂ ಸರಿದೆ. ಕಂಡಕ್ಟರಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದಳು, ಮೈಮೇಲೆ ಇಸ್ತ್ರಿಯ ಸಮವಸ್ತ್ರ, ಹೆಗಲಲ್ಲಿ ಚೀಲ. ನನ್ನನ್ನು ನೋಡಿ, "ಅಯ್ಯೋ ಸರ್, ನೀವಾ!" ಎಂದಳು.

"ಇವರು ನಮ್ಮತ್ತೆ, ಕಿಟಕಿ ಹತ್ರ ಕೂತಿರ್ತಿದ್ರಲ್ಲ" ಅಂದೆ. "ನಿಮ್ಮ ಕಾಲಿನಲ್ಲಿ ಅರ್ಧ ಇವರದ್ದು."

ಅವಳಿಗೆ ಅರ್ಥವಾಗಲಿಲ್ಲ, ಆದರೂ ಅತ್ತೆಯ ಕೈ ಹಿಡಿದುಕೊಂಡಳು. ಅತ್ತೆ ಅವಳ ಮುಖ ನೋಡಲಿಲ್ಲ, ಅವಳು ನಿಂತ ಬಗೆಯನ್ನೇ ನೋಡುತ್ತಿದ್ದರು.

"ಸಂಜೆ ಹೊತ್ತಿಗೆ ನೋವು ಬರುತ್ತೇನಮ್ಮಾ?"

"ಸ್ವಲ್ಪ ಬರುತ್ತೆ ಅಮ್ಮಾ. ಕಡೆಯ ಎರಡು ಟ್ರಿಪ್ಪಲ್ಲಿ."

ಅತ್ತೆ ನನ್ನ ಕಡೆ ತಿರುಗಿದರು.

"ನಾಳೆ ಬನ್ನಿ, ನೋಡೋಣ" ಅಂದೆ ಅವಳಿಗೆ.

"ನಾಳೆ ಡ್ಯೂಟಿ ಸರ್. ನೀವೇ ಬನ್ನಿ ಬಸ್ಸಿಗೆ."

ಮೂವರೂ ನಗುತ್ತಿರುವಾಗ ಬಸ್ಸಿಗೆ ಏನು ಅಡ್ಡ ಬಂತೋ, ಡ್ರೈವರು ಗಕ್ಕನೆ ಬ್ರೇಕು ಹಾಕಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ನನ್ನ ಎರಡು ಕೈಯಲ್ಲೂ ಚೀಲ, ಹಿಡಿದುಕೊಳ್ಳಲು ಏನೂ ಇಲ್ಲ, ಬಿದ್ದೇ ಬಿಟ್ಟೆ ಅಂದುಕೊಂಡೆ. ರಟ್ಟೆಯನ್ನು ಯಾರೋ ಬಿಗಿಯಾಗಿ ಹಿಡಿದು ನಿಲ್ಲಿಸಿದರು.

ಕಂಡಕ್ಟರಮ್ಮ. ಎಲ್ಲಿಯೂ ಒರಗಿರಲಿಲ್ಲ, ಕಂಬ ಹಿಡಿದಿರಲಿಲ್ಲ, ಭಾರವೆಲ್ಲ ಹೊಸ ಬಲಗಾಲಿನ ಮೇಲಿತ್ತು.

"ಒಂದು ಚೀಲ ಕೆಳಗಿಡಿ ಸರ್. ಒಂದು ಕೈ ಖಾಲಿ ಇರ್ಲಿ."

ಇಟ್ಟೆ. ನಾನು ಸರಿಯಾಗಿ ನಿಂತಿದ್ದೇನೆಯೇ ಎಂದು ಒಮ್ಮೆ ಮೇಲಿಂದ ಕೆಳಗೆ ನೋಡಿ ಅವಳು ಮುಂದಿನ ಸೀಟಿನ ಕಡೆ ನಡೆದಳು. ಅವಳ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟೆ, ಯಾವುದು ನಾವು ಮಾಡಿದ ಕಾಲು, ಯಾವುದು ಅವಳದೇ ಎಂದು. ಬಸ್ಸಿನ ಗದ್ದಲದಲ್ಲಿ ತಿಳಿಯಲಿಲ್ಲ.